ಹಣ್ಣೆಲೆಯ ಬಣ್ಣ ಯಾವ ಋತುವಿನದು?

ಇಂಗ್ಲಿಷ್ ಪಾಠದಲ್ಲಿ ‘ಆಟಮ್’ ಎಂಬ ಪದ ಬಂದಾಗ ನೀವು ಮಕ್ಕಳಿಗೆ ಏನೆಂದು ಅರ್ಥ ಹೇಳುತ್ತೀರಿ? ‘ಶರದೃತು’ ಎಂದು ತಾನೆ? ನಿಘಂಟುಗಳು ಹೇಳುವುದೂ ಅದನ್ನೇ. ಪಾಠದ ಪಕ್ಕದಲ್ಲಿ ಕೆಂಪು, ಕಿತ್ತಳೆ, ಹಳದಿ ಎಲೆಗಳ ಮರದ ಚಿತ್ರವೊಂದು ಇದ್ದೇ ಇರುತ್ತದೆ. ಈಗ ಹೊಳಲ್ಕೆರೆಯದೋ ಹೊಸದುರ್ಗದ್ದೋ ಒಂದು ಹಳ್ಳಿಯ ಶರದೃತುವನ್ನು ನೆನಪಿಸಿಕೊಳ್ಳಿ. ಆಶ್ವಯುಜ, ಕಾರ್ತಿಕ ಮಾಸಗಳು. ಸುಮಾರಾಗಿ ಅಕ್ಟೋಬರ್, ನವೆಂಬರ್. ಮುಂಗಾರಿನ ತೇವ ಇನ್ನೂ ಆರಿರುವುದಿಲ್ಲ, ಹಿಂಗಾರಿನ ಮಳೆಯೂ ಬಂದಿರುತ್ತದೆ. ಒಣನಾಡೆಂದು ಹೆಸರಾದ ಚಿತ್ರದುರ್ಗ ಜಿಲ್ಲೆಯಲ್ಲಿ ವರ್ಷದ ಅತ್ಯಂತ ಹಸಿರಾದ ದಿನಗಳೆಂದರೆ ಇವೇ. ಚಿತ್ರದಲ್ಲಿರುವ ಕೆಂಪು ಮರ ಆಗ ಎಲ್ಲಿಯೂ ಕಾಣುವುದಿಲ್ಲ. ನಮ್ಮಲ್ಲಿ ಎಲೆ ಹಣ್ಣಾಗಿ ಉದುರುವುದು ಶಿಶಿರದಲ್ಲಿ, ಮಾಘ-ಫಾಲ್ಗುಣಗಳಲ್ಲಿ. ಚೈತ್ರ ಬರುವಷ್ಟರಲ್ಲಿ ಚಿಗುರು.

ಅಂದರೆ ಪಾಠದ ಮರದ ಪಂಚಾಂಗವೇ ಬೇರೆ, ನಮ್ಮ ಮರಗಳ ಪಂಚಾಂಗವೇ ಬೇರೆ. ಈ ವ್ಯತ್ಯಾಸವನ್ನು ಅರಿಯಲು ಒಂದು ಮರದ ಕಥೆಯನ್ನು ಹಿಂಬಾಲಿಸುವುದು ಒಳ್ಳೆಯದು. ಅದರ ಹೆಸರು ಸ್ವೀಟ್‌ಗಮ್. ವೈಜ್ಞಾನಿಕ ಹೆಸರು ಲಿಕ್ವಿಡಾಂಬರ್ ಸ್ಟೈರಾಸಿಫ್ಲುವಾ. ಎಲೆಯ ಬಣ್ಣಕ್ಕಾಗಿಯೇ ಉದ್ಯಾನಗಳಲ್ಲಿ ಬೆಳೆಸುವ ಮರಗಳಲ್ಲಿ ಇದಕ್ಕೆ ಮುಂಚೂಣಿಯ ಸ್ಥಾನ. ಐದು ಅಥವಾ ಏಳು ಮೊನೆಗಳಿರುವ ನಕ್ಷತ್ರಾಕಾರದ ಎಲೆ, ಮುಳ್ಳುಮುಳ್ಳಾದ ಗೋಲಿಯಂಥ ಕಾಯಿ. ಒಂದೇ ಮರದಲ್ಲಿ ಹಳದಿ, ಕಿತ್ತಳೆ, ಕಡುಗೆಂಪು, ನೇರಳೆ ಬಣ್ಣಗಳು ಒಟ್ಟಿಗೆ ಕಾಣಿಸುವುದುಂಟು. ಇದರ ಬೀಜದ ಪೊಟ್ಟಣ ಈಗ ಅಂತರಜಾಲದ ಅಂಗಡಿಗಳಲ್ಲಿ ಸುಲಭವಾಗಿ ಸಿಗುತ್ತದೆ. ಪೊಟ್ಟಣದ ಮೇಲಿನ ಚಿತ್ರ ನೋಡಿ ಆಸೆಪಟ್ಟು ತರಿಸಿದವರು ನಿಮ್ಮ ಪರಿಚಯದಲ್ಲೂ ಇರಬಹುದು.

ಐರೋಪ್ಯರ ಗಮನವನ್ನು ಮೊದಲು ಸೆಳೆದದ್ದು ಈ ಮರದ ಎಲೆಯಲ್ಲ, ಅಂಟು. ಸ್ಪೇನಿನ ದೊರೆ ಎರಡನೆಯ ಫಿಲಿಪ್ ತನ್ನ ವೈದ್ಯ ಫ್ರಾನ್ಸಿಸ್ಕೊ ಹೆರ್ನಾಂಡೆಸ್‌ನನ್ನು 1570ರ ದಶಕದಲ್ಲಿ ಮೆಕ್ಸಿಕೊದ ಸಸ್ಯಗಳ ಅಧ್ಯಯನಕ್ಕೆ ಕಳುಹಿಸಿದ್ದ. ಆ ಮರದ ತೊಗಟೆಯಿಂದ ಒಸರುವ ಸುವಾಸನೆಯ ರಾಳವನ್ನು ಹೆರ್ನಾಂಡೆಸ್ ವರ್ಣಿಸಿದ್ದಾನೆ. ದ್ರವರೂಪದ ಅಂಬರು ಎಂಬ ಅರ್ಥದ ‘ಲಿಕ್ವಿಡಾಂಬರ್’ ಎಂಬ ಹೆಸರು ಲ್ಯಾಟಿನ್ ಮತ್ತು ಅರಬ್ಬಿ ಪದಗಳ ಬೆರಕೆ. ಉತ್ತರ ಅಮೆರಿಕದ ವರ್ಜೀನಿಯದಲ್ಲಿದ್ದ ಪಾದ್ರಿ, ಸಸ್ಯಪ್ರೇಮಿ ಜಾನ್ ಬ್ಯಾನಿಸ್ಟರ್ 1681ರಲ್ಲಿ ಇದನ್ನು ಲಂಡನ್ನಿನ ಬಿಷಪ್ ಹೆನ್ರಿ ಕಾಂಪ್ಟನ್‌ಗೆ ಕಳುಹಿಸಿದ. ಫುಲಮ್ ಅರಮನೆಯ ತೋಟದಲ್ಲಿ ಅದು ಬೇರೂರಿತು. 1753ರಲ್ಲಿ ಲಿನೇಯಸ್ ಅದಕ್ಕೆ ಈಗಿನ ದ್ವಿನಾಮವನ್ನು ಕೊಟ್ಟ. ಅಂಟಿಗಾಗಿ ಹೆಸರಾದ ಮರ ಇಂಗ್ಲೆಂಡಿನ ತೋಟಗಳಲ್ಲಿ ಎಲೆಗಾಗಿ ಹೆಸರಾಯಿತು.

ಈ ಕುಲಕ್ಕೂ ನಮಗೂ ಸಂಬಂಧವೇ ಇಲ್ಲವೆಂದು ತಿಳಿಯಬೇಡಿ. ಗ್ರಂಥಿಗೆ ಅಂಗಡಿಗಳಲ್ಲಿ ‘ಶಿಲಾರಸ’ ಎಂಬ ಸುಗಂಧದ ಅಂಟು ಸಿಗುತ್ತದಲ್ಲ, ಅದು ಟರ್ಕಿ ದೇಶದ ಸ್ವೀಟ್‌ಗಮ್ ಜಾತಿಯ ರಾಳ. (ಶಿಲಾಜಿತು ಬೇರೆ, ಇದು ಬೇರೆ.) ಆಯುರ್ವೇದದಲ್ಲಿ ಇದಕ್ಕೆ ಸಿಲ್ಹಕ, ತುರುಷ್ಕ ಎಂಬ ಹೆಸರುಗಳಿವೆ. ಎಲ್ಲಿಂದ ಬಂತು ಎಂಬುದನ್ನು ಎರಡನೆಯ ಹೆಸರೇ ಹೇಳುತ್ತಿದೆ. ಇನ್ನೂ ಹತ್ತಿರದ ನೆಂಟನೊಂದು ಅಸ್ಸಾಮ್ ಕಡೆಯ ಮಳೆಕಾಡುಗಳಲ್ಲಿದೆ. ಅಲ್ಲಿ ಅದು ಜುತುಲಿ. ಬಹುಕಾಲ ಅಲ್ಟಿಂಜಿಯ ಎಂಬ ಪ್ರತ್ಯೇಕ ಕುಲದಲ್ಲಿದ್ದ ಈ ಮರವನ್ನು ಡಿಎನ್‌ಎ ಅಧ್ಯಯನಗಳ ಆಧಾರದ ಮೇಲೆ 2013ರಲ್ಲಿ ಲಿಕ್ವಿಡಾಂಬರ್ ಕುಲಕ್ಕೇ ಸೇರಿಸಲಾಯಿತು. ಜುತುಲಿ ನಿತ್ಯಹಸಿರು ಮರ. ಒಂದೇ ಕುಲ, ಒಂದೇ ಬಗೆಯ ರಾಳ. ಆದರೆ ಚಳಿಗಾಲದ ಕಾಟವಿಲ್ಲದ ಕಡೆ ಮರ ಎಲೆ ಉದುರಿಸುವ ಗೋಜಿಗೇ ಹೋಗಿಲ್ಲ. ಬಣ್ಣದ ಪ್ರಶ್ನೆಗೆ ಮೊದಲ ಸುಳಿವು ಇಲ್ಲಿದೆ.

ಎಲೆಗೆ ಬಣ್ಣ ಹೇಗೆ ಬರುತ್ತದೆ? ಹಸಿರು ಎಲೆಯಲ್ಲಿ ಪತ್ರಹರಿತ್ತಿನ ಜೊತೆ ಹಳದಿ-ಕಿತ್ತಳೆಯ ಕ್ಯಾರೊಟಿನಾಯ್ಡ್ ವರ್ಣಕಗಳು ಮೊದಲಿನಿಂದಲೂ ಇರುತ್ತವೆ. ಪತ್ರಹರಿತ್ತು ಕಳೆದಾಗ ಅವು ಕಣ್ಣಿಗೆ ಬೀಳುತ್ತವೆ, ಅಷ್ಟೆ. ಕೆಂಪಿನ ಕಥೆ ಬೇರೆ. ಕೆಂಪು, ನೇರಳೆ ಬಣ್ಣ ಕೊಡುವ ಆಂಥೋಸಯನಿನ್ ಎಷ್ಟೋ ಮರಗಳಲ್ಲಿ ಎಲೆ ಸಾಯುವ ಹೊತ್ತಿಗೆ ಹೊಸದಾಗಿ ತಯಾರಾಗುತ್ತದೆ. ಇನ್ನೇನು ಉದುರಲಿರುವ ಎಲೆಗೆ ಮರ ಯಾಕೆ ಖರ್ಚು ಮಾಡಬೇಕು? ಉದುರುವ ಮುನ್ನ ಎಲೆಯಲ್ಲಿನ ಸಾರಜನಕ, ರಂಜಕಗಳಲ್ಲಿ ಸರಾಸರಿ ಅರ್ಧದಷ್ಟನ್ನು ಮರ ಹಿಂದಕ್ಕೆ ಎಳೆದುಕೊಳ್ಳುತ್ತದೆ. ಆ ಕೆಲಸ ಮುಗಿಯುವವರೆಗೆ ಪ್ರಖರ ಬೆಳಕಿನ ಹಾನಿಯಿಂದ ಎಲೆಯನ್ನು ಕಾಯುವ ಕೊಡೆಯಂತೆ ಕೆಂಪು ವರ್ಣಕ ವರ್ತಿಸುತ್ತದೆ ಎಂಬುದು ಒಂದು ವಿವರಣೆ. ಇದು ಕೀಟಗಳಿಗೆ ಮರ ತೋರುವ ಎಚ್ಚರಿಕೆ ಎಂದು ಜೀವವಿಕಾಸ ವಿಜ್ಞಾನಿ ಡಬ್ಲ್ಯು. ಡಿ. ಹ್ಯಾಮಿಲ್ಟನ್ ಮತ್ತು ಸ್ಯಾಮ್ ಬ್ರೌನ್ 2001ರಲ್ಲಿ ಪ್ರಕಟವಾದ ಲೇಖನದಲ್ಲಿ ವಾದಿಸಿದರು. ವಿವಾದ ಇನ್ನೂ ಮುಗಿದಿಲ್ಲ. ಬೆಳಕಿನ ಕೊಡೆಯ ವಾದಕ್ಕೆ ಪ್ರಯೋಗಗಳ ಬೆಂಬಲ ಹೆಚ್ಚು ಎಂದು ನನಗೆ ತೋರುತ್ತದೆ.

ಹಾಗಾದರೆ ಪತ್ರಹರಿತ್ತು ಎಲ್ಲಿಗೆ ಹೋಗುತ್ತದೆ? ಪೆಲ್ಟಿಯೆ ಮತ್ತು ಕಾವಂಟೂ ಅದಕ್ಕೆ ‘ಕ್ಲೋರೊಫಿಲ್’ ಎಂದು ಹೆಸರಿಟ್ಟದ್ದು 1817ರಲ್ಲಿ. ಸಸ್ಯವರ್ಣಕಗಳ, ಅದರಲ್ಲೂ ಪತ್ರಹರಿತ್ತಿನ ಸಂಶೋಧನೆಗಾಗಿ ರಿಚರ್ಡ್ ವಿಲ್‌ಸ್ಟೆಟರ್‌ಗೆ ನೊಬೆಲ್ ಪಾರಿತೋಷಕ ಬಂದದ್ದು 1915ರಲ್ಲಿ. ಇಷ್ಟಾದರೂ ಪ್ರತಿವರ್ಷ ಭೂಮಿಯ ಮೇಲೆ ಅಪಾರ ಪ್ರಮಾಣದಲ್ಲಿ ಮಾಯವಾಗುವ ಆ ಹಸಿರು ಏನಾಗುತ್ತದೆ ಎಂಬುದು ಬಹುಕಾಲ ಒಗಟಾಗಿಯೇ ಇತ್ತು. 1991ರಲ್ಲಿ ಸ್ವಿಟ್ಜರ್‌ಲೆಂಡಿನ ಫಿಲಿಪ್ ಮಾಟಿಲ್, ಬರ್ನ್‌ಹಾರ್ಡ್ ಕ್ರಾಯ್ಟ್ಲರ್ ಮತ್ತು ಸಂಗಡಿಗರು ಬಾರ್ಲಿಯ ಬಾಡಿದ ಎಲೆಗಳಲ್ಲಿ ಅದರ ಅಂತಿಮ ಉತ್ಪನ್ನವೊಂದರ ರಚನೆಯನ್ನು ಕಂಡುಹಿಡಿದರು. ಅದಕ್ಕೆ ಬಣ್ಣವೇ ಇಲ್ಲ! ಒಗಟು ಅಷ್ಟು ಕಾಲ ಬಿಡಿಸಲಾಗದೆ ಉಳಿದದ್ದು ಅದಕ್ಕೇ. 2007ರಲ್ಲಿ ಕ್ರಾಯ್ಟ್ಲರ್ ತಂಡವೇ ಇನ್ನೊಂದು ಸಂಗತಿಯನ್ನು ತೋರಿಸಿತು. ಸೇಬು ಮತ್ತು ಪೇರ್ ಹಣ್ಣುಗಳು ಪಕ್ವವಾದಾಗ ಅವುಗಳ ಸಿಪ್ಪೆಯಲ್ಲಿ ಕೂಡಿಕೊಳ್ಳುವುದೂ ಬಾಡಿದ ಎಲೆಯಲ್ಲಿರುವ ಅದೇ ಬಣ್ಣವಿಲ್ಲದ ವಸ್ತುಗಳು. ಹಣ್ಣಾಗುವ ಕಾಯಿ ಮತ್ತು ಉದುರಲಿರುವ ಎಲೆ ಹಸಿರನ್ನು ಕಳಚುವ ದಾರಿ ಒಂದೇ.

ಇಲ್ಲಿ ಸ್ವಲ್ಪ ನಿಲ್ಲಿ. ಕನ್ನಡದಲ್ಲಿ ನಾವು ‘ಎಲೆ ಹಣ್ಣಾಯಿತು’ ಎನ್ನುತ್ತೇವೆ. ಹಣ್ಣೆಲೆ ಉದುರುವಾಗ ಚಿಗುರೆಲೆ ನಗುವ ಗಾದೆಯನ್ನು ಕೇಳದವರು ಯಾರು? ಕಾಯಿಗೂ ಎಲೆಗೂ ‘ಹಣ್ಣಾಗುವುದು’ ಎಂಬ ಒಂದೇ ಕ್ರಿಯಾಪದವನ್ನು ಬಳಸಿದ ಹಳಬರಿಗೆ ರಸಾಯನಶಾಸ್ತ್ರ ತಿಳಿದಿತ್ತೆಂದು ಹೇಳುತ್ತಿಲ್ಲ. ಆದರೆ ಅವರು ಎರಡನ್ನೂ ಚೆನ್ನಾಗಿ ನೋಡಿದ್ದರು. ಆಟಮ್ ಎಂಬುದಕ್ಕೆ ಶರದೃತು ಎಂದು ಬರೆಸುವ ಬದಲು ಹಣ್ಣೆಲೆಗಾಲ ಎಂದು ಹೇಳಿಕೊಟ್ಟರೆ ಮಕ್ಕಳಿಗೆ ಮರದ ಕಡೆ ನೋಡಲು ಕಾರಣ ಸಿಗುತ್ತದೆ.

ಈಗ ಗಡಿಯಾರದ ವಿಷಯ. ಮರಕ್ಕೆ ಎಲೆ ಕಳಚುವ ಹೊತ್ತು ತಿಳಿಯುವುದು ಹೇಗೆ? ಅಮೆರಿಕದ ಗಾರ್ನರ್ ಮತ್ತು ಅಲಾರ್ಡ್ 1920ರಲ್ಲಿ ತಂಬಾಕು, ಸೋಯಾ ಗಿಡಗಳ ಮೇಲಿನ ಪ್ರಯೋಗಗಳಿಂದ ಸಸ್ಯಗಳು ಹಗಲಿನ ಉದ್ದವನ್ನು ಅಳೆಯುತ್ತವೆ ಎಂದು ತೋರಿಸಿದರು. ಬೀದಿದೀಪದ ಪಕ್ಕದ ಕೊಂಬೆಗಳು ಎಲೆಯನ್ನು ತಡವಾಗಿ ಉದುರಿಸುತ್ತವೆ ಎಂಬ ನ್ಯೂಯಾರ್ಕ್ ನಗರದ ಅವಲೋಕನವನ್ನು ಎಡ್ವಿನ್ ಮಾಟ್ಸ್‌ಕೆ 1936ರಲ್ಲಿ ಪ್ರಕಟಿಸಿದರು. ನ್ಯೂಯಾರ್ಕಿನಲ್ಲಿ ವರ್ಷದ ಅತಿ ದೀರ್ಘ ಹಗಲಿಗೂ ಅತಿ ಚಿಕ್ಕ ಹಗಲಿಗೂ ಸುಮಾರು 5 ಗಂಟೆ 50 ನಿಮಿಷಗಳ ಅಂತರ. ಜೊತೆಗೆ ಅಕ್ಟೋಬರಿನಲ್ಲಿ ಬಿಸಿಲಿನ ಹಗಲು, ಥಂಡಿಯ ರಾತ್ರಿ. ಹಗಲು ತಯಾರಾದ ಸಕ್ಕರೆ ಎಲೆಯಲ್ಲೇ ಉಳಿದು ಆಂಥೋಸಯನಿನ್ ತಯಾರಿಕೆಗೆ ಒದಗುತ್ತದೆ. ಚಿತ್ರದುರ್ಗ ಇರುವುದು 14 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿ. ಇಲ್ಲಿ ಜೂನ್ ತಿಂಗಳ ಹಗಲು ಸುಮಾರು 12 ಗಂಟೆ 57 ನಿಮಿಷ, ಡಿಸೆಂಬರಿನದು 11 ಗಂಟೆ 17 ನಿಮಿಷ. ಅಂತರ 1 ಗಂಟೆ 40 ನಿಮಿಷ ಮಾತ್ರ. ಉತ್ತರದ ಸ್ವೀಟ್‌ಗಮ್‌ಗೆ ಇದು ಮುಳ್ಳು ಅಲುಗದ ಗಡಿಯಾರದಂತೆ.

ಜಾಣ ವಿದ್ಯಾರ್ಥಿಯೊಬ್ಬ ಇಲ್ಲಿ ಆಕ್ಷೇಪ ಎತ್ತಬಹುದು. ಸ್ವೀಟ್‌ಗಮ್ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಷ್ಟೇ ಅಲ್ಲ, ಮೆಕ್ಸಿಕೊದಿಂದ ಗ್ವಾಟೆಮಾಲ, ಹೊಂಡುರಾಸ್‌ವರೆಗೂ ಸಹಜವಾಗಿ ಬೆಳೆಯುತ್ತದೆ. ಹೊಂಡುರಾಸ್ ಇರುವುದೂ 14-15 ಡಿಗ್ರಿಯಲ್ಲೇ ಅಲ್ಲವೆ? ನಿಜ. ಭೂಪಟದಲ್ಲಿ ಗೆರೆ ಎಳೆದರೆ ಅದು ಚಿತ್ರದುರ್ಗಕ್ಕೇ ಬಂದು ಮುಟ್ಟುತ್ತದೆ. ಆದರೆ ಅಲ್ಲಿ ಅದು ಬೆಳೆಯುವುದು ಮೋಡ ಮುಸುಕಿದ, ಧಾರಾಳ ಮಳೆಯ ಬೆಟ್ಟಕಾಡುಗಳಲ್ಲಿ. ಈ ದಕ್ಷಿಣದ ಮರಗಳು ಉತ್ತರದವುಗಳಿಗಿಂತ ಹೆಚ್ಚು ಕಾಲ ಹಸಿರೆಲೆಗಳನ್ನು ಉಳಿಸಿಕೊಳ್ಳುತ್ತವೆ. ಉತ್ತರ ಅಮೆರಿಕದಲ್ಲೂ ಸ್ವೀಟ್‌ಗಮ್ ಇಷ್ಟಪಡುವುದು ಹೊಳೆದಂಡೆಯ ತಗ್ಗಿನ, ತೇವದ, ಸ್ವಲ್ಪ ಆಮ್ಲೀಯ ಮಣ್ಣನ್ನು.

ನಮ್ಮ ಕಡೆಯ ನೀರಿನ ಪರಿಸ್ಥಿತಿ ನಿಮಗೆ ಗೊತ್ತೇ ಇದೆ. ಹಿರಿಯೂರಿನ ಬಳಿ ವೇದಾವತಿಗೆ ಕಟ್ಟಿದ ವಾಣಿವಿಲಾಸ ಸಾಗರ, ಜನರ ಬಾಯಲ್ಲಿ ಮಾರಿಕಣಿವೆ, 1907ರಲ್ಲಿ ಪೂರ್ಣಗೊಂಡಿತು. ಅದು 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಬರದ ವರ್ಷಗಳಲ್ಲಿ ಟ್ಯಾಂಕರ್ ನೀರು ಹೊಡೆಸಿ ಅಡಿಕೆ, ತೆಂಗಿನ ತೋಟಗಳನ್ನು ಉಳಿಸಿಕೊಂಡ ಊರುಗಳು ಇವು. ಇಲ್ಲಿ ಹೊಳೆದಂಡೆಯ ಮರವನ್ನು ಸಾಕುವುದೆಂದರೆ ಅದಕ್ಕೆ ಬೇಸಿಗೆಯುದ್ದಕ್ಕೂ ಕೊಳವೆಬಾವಿ ನೀರು ಕೊಡಬೇಕು. ಹಿರಿಯೂರು ಕಡೆಯ ಸುಣ್ಣದಂಶದ ಕಪ್ಪು ಮಣ್ಣಿನಲ್ಲಾದರೆ ಇನ್ನೊಂದು ತೊಡಕು. ಕ್ಷಾರೀಯ ಮಣ್ಣಿನಲ್ಲಿ ಕಬ್ಬಿಣ ಬೇರಿಗೆ ದಕ್ಕುವ ರೂಪದಲ್ಲಿ ಇರುವುದಿಲ್ಲ. ಸ್ವೀಟ್‌ಗಮ್‌ನ ಎಲೆ ಆಗ ನರಗಳನ್ನು ಬಿಟ್ಟು ಉಳಿದೆಡೆ ಹಳದಿಯಾಗುತ್ತದೆ. ಬಣ್ಣ ಬಂತೆಂದು ಹಿಗ್ಗುವಂತಿಲ್ಲ, ಅದು ಕಬ್ಬಿಣದ ಕೊರತೆಯ ರೋಗಲಕ್ಷಣ. ಬೀಜದಿಂದ ಬೆಳೆದ ಸಸಿಗಳೆಲ್ಲ ಒಂದೇ ಬಣ್ಣ ಕೊಡುವುದೂ ಇಲ್ಲ. ಚಳಿ ಕಡಿಮೆಯಿರುವ ಕ್ಯಾಲಿಫೋರ್ನಿಯದಲ್ಲಿ ತೋಟಗಾರರು ಚೆನ್ನಾಗಿ ಬಣ್ಣಕ್ಕೆ ಬರುವ ಮರಗಳನ್ನು ಆರಿಸಿ, ಕಸಿಕಟ್ಟಿ, ‘ಪಾಲೊ ಆಲ್ಟೊ’, ‘ಬರ್ಗಂಡಿ’ ಮುಂತಾದ ತಳಿಗಳನ್ನು ಹೊರತಂದರು. ಆದರೆ ಅಲ್ಲಿಯೂ ಹಗಲಿನ ಏರಿಳಿತ ನಮ್ಮದರ ಮೂರು ಪಟ್ಟು.

ಊರಿನ ಹವೆಗೆ ಹೊಂದುವ ಬಣ್ಣವನ್ನು ಹುಡುಕುವ ಈ ಕೆಲಸ ಕರ್ನಾಟಕದಲ್ಲೂ ಒಮ್ಮೆ ನಡೆದಿದೆ. ಮಾಡಿದವರು ಜಿ. ಎಚ್. ಕ್ರುಂಬಿಗೆಲ್. ಜರ್ಮನಿಯ ಡ್ರೆಸ್ಡನ್ ಬಳಿಯ ಲೋಮೆನ್‌ನಲ್ಲಿ 1865ರಲ್ಲಿ ಹುಟ್ಟಿ, ಲಂಡನ್ನಿನ ಕ್ಯೂ ಸಸ್ಯೋದ್ಯಾನದಲ್ಲಿ ದುಡಿದು, 1893ರಲ್ಲಿ ಬರೋಡದ ಸಯ್ಯಾಜಿರಾವ್ ಗಾಯಕವಾಡರ ಆಹ್ವಾನದ ಮೇಲೆ ಭಾರತಕ್ಕೆ ಬಂದವರು. ಜಾನ್ ಕ್ಯಾಮರಾನ್ ನಂತರ 1908ರಲ್ಲಿ ಬೆಂಗಳೂರಿನ ಲಾಲ್‌ಬಾಗ್‌ನ ಹೊಣೆ ವಹಿಸಿಕೊಂಡರು. 1932ರಲ್ಲಿ ನಿವೃತ್ತರಾದ ಮೇಲೂ ಇಲ್ಲಿಯೇ ಉಳಿದು 1956ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು. ಎರಡೂ ಮಹಾಯುದ್ಧಗಳಲ್ಲಿ ಜರ್ಮನ್ ಎಂಬ ಕಾರಣಕ್ಕೆ ಬ್ರಿಟಿಷರ ಬಂಧನವನ್ನೂ ಅನುಭವಿಸಿದರು.

ಡ್ರೆಸ್ಡನ್, ಲಂಡನ್‌ಗಳಲ್ಲಿ ಬೆಳೆದ ತೋಟಗಾರನಿಗೆ ಹಣ್ಣೆಲೆಗಾಲದ ಕೆಂಪು ಹೊಸದಾಗಿರಲಾರದು. ಆದರೂ ಬೆಂಗಳೂರಿನ ಬೀದಿಗಳಲ್ಲಿ ಅವರು ಯೂರೋಪಿನ ಅಕ್ಟೋಬರನ್ನು ನೆಡಲಿಲ್ಲ. ಒಂದು ಜಾತಿಯ ಹೂ ಮುಗಿಯುವಷ್ಟರಲ್ಲಿ ಇನ್ನೊಂದು ಅರಳುವಂತೆ, ವರ್ಷವಿಡೀ ಯಾವುದೋ ಒಂದು ಬೀದಿ ಹೂವಿನಿಂದ ತುಂಬಿರುವಂತೆ ಮರಗಳನ್ನು ಆರಿಸುವ ಸರಣಿ ಹೂವಿನ ಕಲ್ಪನೆ ಅವರದು. ನಮ್ಮ ಬೀದಿಗಳ ಗುಲ್‌ಮೊಹರ್ ಮಡಗಾಸ್ಕರಿನದು, ಜಕರಾಂಡ ದಕ್ಷಿಣ ಅಮೆರಿಕದ್ದು, ಗುಲಾಬಿ ಟಬೆಬುಯಿಯ ಮೆಕ್ಸಿಕೊದಿಂದ ಈಕ್ವೆಡಾರ್‌ವರೆಗಿನದು. ಇವು ಸ್ವದೇಶಿ ಅಲ್ಲ. ಆದರೆ ನಮ್ಮಂತೆಯೇ ತಿಂಗಳುಗಟ್ಟಲೆ ಮಳೆಯಿಲ್ಲದ ಕಾಲವನ್ನು ಕಾಣುವ ನಾಡಿನವು. ಒಣಹವೆಯಲ್ಲಿ ಎಲೆ ಕಳಚಿ ಹೂ ಬಿಡುವುದು ಅವುಗಳ ಹುಟ್ಟುಗುಣ. ಆದ್ದರಿಂದ ಹೊರನಾಡಿನ ಮರ ಬೇಡ ಎಂಬ ವಾದ ನನ್ನದಲ್ಲ. ಮರದ ಪಂಚಾಂಗ ನಮ್ಮ ಮಳೆಯ ಪಂಚಾಂಗಕ್ಕೆ ಕೂಡಿಬರುತ್ತದೆಯೆ ಎಂಬುದಷ್ಟೇ ಪ್ರಶ್ನೆ.

ಹೂವಿಗೆ ಕ್ರುಂಬಿಗೆಲ್ ಮಾಡಿದ್ದನ್ನು ಎಲೆಗೂ ಮಾಡಬಹುದು. ಜನವರಿಯ ಕೊನೆಯಿಂದ ಏಪ್ರಿಲ್‌ವರೆಗೆ ಚಿತ್ರದುರ್ಗದ ಸುತ್ತ ನೋಡುತ್ತ ಬನ್ನಿ. ಶಾಲೆಗಳ ಅಂಗಳದಲ್ಲಿ ಸಾಮಾನ್ಯವಾದ ಕಾಡುಬಾದಾಮಿ ಉದುರುವ ಮುನ್ನ ಎಲೆಯನ್ನು ಕಡುಗೆಂಪಾಗಿಸುತ್ತದೆ. ಕೆಲವೆಡೆ ವರ್ಷಕ್ಕೆ ಎರಡು ಬಾರಿ. ಸ್ವೀಟ್‌ಗಮ್‌ಗೆ ನೇರ ಪ್ರತಿಸ್ಪರ್ಧಿ ಇದೇ. ಹೊಳೆದಾಸವಾಳದ ಎಲೆಯೂ ಕೆಂಪಾಗುತ್ತದೆ. ಒಣಕಾಡಿನ ದಿಂಡಿಗ ತಾಮ್ರದ ಬಣ್ಣಕ್ಕೆ ತಿರುಗುತ್ತದೆ. ಆಮೇಲೆ ಚಿಗುರಿನ ಸರದಿ: ಅರಳಿಯ ನಸುಗೆಂಪು, ಮಾವಿನ ತಾಮ್ರವರ್ಣ, ಬೇವಿನ ಕೆಂಪು ಕುಡಿ, ಕಮರದ ಕಂದುಗೆಂಪು, ಯುಗಾದಿಯ ಹೊತ್ತಿಗೆ ಹೊಂಗೆಯ ಎಳೆಹಸಿರು. ಇವೆಲ್ಲಕ್ಕೂ ಮಿಗಿಲಾದದ್ದು ಸಾಗಡೆ. ಅದರ ಚಿಗುರಿನ ಕೆಂಪು ಕಂಡು ಮರ ಹೂಬಿಟ್ಟಿದೆ ಎಂದುಕೊಳ್ಳುವವರೇ ಹೆಚ್ಚು.

ಚಿಗುರಿನ ಕೆಂಪೂ ಆಂಥೋಸಯನಿನ್ನೇ. ಎಳೆಯ ಎಲೆ ಮೆದು, ಅದರಲ್ಲಿ ಸಸಾರಜನಕ ಹೆಚ್ಚು, ಕೀಟಗಳಿಗೆ ಹಬ್ಬ. ಎಲೆ ಗಟ್ಟಿಯಾಗುವವರೆಗೆ ಪತ್ರಹರಿತ್ತಿಗೆ ಬಂಡವಾಳ ಹಾಕದೆ ತಡೆಯುವುದು ಮರದ ಜಾಣತನ ಎಂದು ಉಷ್ಣವಲಯದ ಮರಗಳ ಬಗ್ಗೆ ಕರ್ಸರ್ ಮತ್ತು ಕೋಲಿ 1992ರಲ್ಲಿ ವಿವರಿಸಿದರು. ಮರುವರ್ಷವೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೆ. ಎಸ್. ಮುರಳಿ ಮತ್ತು ಆರ್. ಸುಕುಮಾರ್, ಬಂಡೀಪುರದ ಪಕ್ಕದ ಮುದುಮಲೆಯ ಒಣಕಾಡಿನ ಅಧ್ಯಯನವನ್ನು ಪ್ರಕಟಿಸಿದರು. ಮಳೆಗೆ ಮುಂಚೆ, ಬಿರುಬೇಸಿಗೆಯಲ್ಲೇ ಚಿಗುರುವ ಜಾತಿಗಳಿಗೆ ಕೀಟಗಳ ಹಾವಳಿ ಕಡಿಮೆ. ಮಳೆ ಬಂದ ಮೇಲೆ ಚಿಗುರುವವಕ್ಕೆ ಹೆಚ್ಚು. ಕೀಟಗಳು ಏಳುವ ಮೊದಲೇ ಎಲೆ ಬಲಿತುಬಿಟ್ಟಿರುತ್ತದೆ!

ಒಂದು ಹನಿ ಮಳೆಯಿಲ್ಲದ ಮಾರ್ಚಿನಲ್ಲಿ ಚಿಗುರಲು ನೀರೆಲ್ಲಿಂದ? ಹಳೆಯ ಎಲೆ ಉದುರಿದ ಮೇಲೆ ನೀರಿನ ಖರ್ಚು ನಿಲ್ಲುತ್ತದೆ, ಆಳದ ಬೇರುಗಳು ತಂದದ್ದು ಕಾಂಡದಲ್ಲಿ ತುಂಬಿಕೊಳ್ಳುತ್ತದೆ. ಉತ್ತರ ಥಾಯ್ಲೆಂಡಿನ ಮಾನ್ಸೂನ್ ಕಾಡುಗಳನ್ನು ಅಧ್ಯಯನ ಮಾಡಿದ ಎಲಿಯಟ್, ಬೇಕರ್ ಮತ್ತು ಬೋರ್ಕರ್ಟ್ 2006ರಲ್ಲಿ ಇನ್ನೊಂದು ಮಾತನ್ನೂ ಹೇಳಿದರು. ಅಂಥ ಮರಗಳಿಗೆ ಚಿಗುರುವ ಸೂಚನೆ ಕೊಡುವುದು ಹಗಲು ಉದ್ದವಾಗತೊಡಗುವ ಸಂಗತಿ. ಅರ್ಧ ಗಂಟೆಗೂ ಕಡಿಮೆ ಏರಿಕೆ ಸಾಕು. ನಮ್ಮ ಆಕಾಶದಲ್ಲಿ ಗಡಿಯಾರ ಇಲ್ಲವೆಂದಲ್ಲ. ಅದರ ಮುಳ್ಳು ಸಣ್ಣದು, ಅದನ್ನು ಓದಲು ಕಲಿತ ಮರಗಳು ಬೇರೆ.

ನಿಮ್ಮ ಶಾಲೆಯಲ್ಲಿ ಬಣ್ಣಕ್ಕಾಗಿ ಮರ ನೆಡುವುದಾದರೆ ಜೂನ್-ಜುಲೈ ಮಳೆಯಲ್ಲಿ ನೆಡಿ. ಮೊದಲ ಎರಡು-ಮೂರು ಬೇಸಿಗೆ ಮಾತ್ರ ನೀರು ಕೊಟ್ಟರೆ ಸಾಕಾಗುವ ಜಾತಿಗಳನ್ನು ಆರಿಸಿ. ಬಾದಾಮಿಯನ್ನು ಗೋಡೆಯಿಂದ ದೂರ ಇರಿಸಿ, ಅದರ ಕೊಂಬೆಗಳು ಅಡ್ಡಡ್ಡ ಹರಡುತ್ತವೆ. ಸಾಗಡೆ ನಿಧಾನಿ, ಅದರ ಬೀಜ ಬಹುಕಾಲ ಇಟ್ಟರೆ ಮೊಳೆಯುವುದಿಲ್ಲ, ತಾಜಾ ಇರುವಾಗಲೇ ಬಿತ್ತಬೇಕು. ಈಗಾಗಲೇ ಇರುವ ಮರಗಳಿಗೆ ಒಂದೊಂದು ಸಂಖ್ಯೆ ಕೊಟ್ಟು, ಹಣ್ಣೆಲೆ, ಬೋಳು, ಚಿಗುರು, ಹೂವು, ಕಾಯಿ ಎಂದು ವಾರಕ್ಕೊಮ್ಮೆ ಮಕ್ಕಳಿಂದ ಬರೆಸಿಡಿ. ‘ಸೀಸನ್‌ವಾಚ್’ ಎಂಬ ಕಾರ್ಯಕ್ರಮ ಇಂಥ ದಾಖಲೆಗಳನ್ನು ದೇಶದ ಶಾಲೆಗಳಿಂದ ಸಂಗ್ರಹಿಸುತ್ತ ಬಂದಿದೆ. ಮಳೆಯ ಕಾಲ ಏರುಪೇರಾಗುತ್ತಿರುವಾಗ ಹೊಳಲ್ಕೆರೆಯ ಒಂದು ಬಾದಾಮಿ ಮರ ಹತ್ತು ವರ್ಷ ಯಾವ ಯಾವ ವಾರದಲ್ಲಿ ಕೆಂಪಾಯಿತು ಎಂಬ ಪಟ್ಟಿ ನಾವು ನೆಟ್ಟ ಯಾವ ಸಸಿಗಿಂತಲೂ ಕಡಿಮೆ ಬೆಲೆಯದಲ್ಲ.

ಫೆಬ್ರವರಿಯಲ್ಲಿ ತರಗತಿಗೆ ಒಂದು ಸುಲಭ ಪ್ರಯೋಗವೂ ಇದೆ. ಚೆನ್ನಾಗಿ ಕೆಂಪಾದ ಬಾದಾಮಿ ಎಲೆಗಳನ್ನು ಚೂರುಮಾಡಿ ಸ್ವಲ್ಪ ನೀರಿನಲ್ಲಿ ಕುದಿಸಿ ಸೋಸಿ. ಸೋಸಿದ ನೀರನ್ನು ಮೂರು ಲೋಟಗಳಿಗೆ ಹಂಚಿ. ಒಂದನ್ನು ಹಾಗೆಯೇ ಬಿಡಿ, ಇನ್ನೊಂದಕ್ಕೆ ನಿಂಬೆರಸ, ಮತ್ತೊಂದಕ್ಕೆ ಅಡುಗೆ ಸೋಡ ಹಾಕಿ. ಆಂಥೋಸಯನಿನ್ ಆಮ್ಲದಲ್ಲಿ ಕೆಂಪೇರುತ್ತದೆ, ಕ್ಷಾರದಲ್ಲಿ ಕೆಂಪನ್ನು ಕಳೆದುಕೊಂಡು ಮಾಸಲು ಹಸಿರಿನತ್ತ ವಾಲುತ್ತದೆ. ಎಲೆಯಲ್ಲಿನ ಟ್ಯಾನಿನ್‌ನಿಂದಾಗಿ ಕಂದು ಛಾಯೆ ಬೆರೆತರೆ ಗಾಬರಿ ಬೇಡ. ಅದೇ ಮರದ ಹಳದಿ ಎಲೆಯನ್ನು ಹೀಗೆಯೇ ಕುದಿಸಿದರೆ ಕ್ಯಾರೊಟಿನಾಯ್ಡ್ ನೀರಿಗೆ ಇಳಿಯುವುದಿಲ್ಲ. ಅದಕ್ಕೆ ಸ್ಪಿರಿಟ್ ಬೇಕು. ಸ್ಪಿರಿಟ್ಟನ್ನು ಮಾತ್ರ ಉರಿಯಿಂದ ದೂರ ಇಡಿ. ಅದನ್ನು ನೇರವಾಗಿ ಕಾಯಿಸಬಾರದು, ಒಲೆ ಆರಿಸಿದ ಮೇಲೆ ಬಿಸಿನೀರಿನ ಪಾತ್ರೆಯಲ್ಲಿ ಕೂರಿಸಿದರೆ ಸಾಕು.